ಪಿಯುನಾ, ಸಿಬಿಎಸ್‌ಇನಾ? ಮೊದಲು ಯಾವ ಸೀಟು ಬೇಕು ಹೇಳಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಲ್ಲಿ ಒಂದೇ ಚರ್ಚೆ: ಸ್ಟೇಟ್ ಪಿಯು ಒಳ್ಳೇದಾ, ಸಿಬಿಎಸ್‌ಇ ಒಳ್ಳೇದಾ, ಕೋಚಿಂಗ್ ಜೊತೆಗಿರೋ ಇಂಟಿಗ್ರೇಟೆಡ್ ಕಾಲೇಜಾ? ಸಿಬಿಎಸ್‌ಇ ಓದಿದರೆ ಮಾತ್ರ ನೀಟ್ (ವೈದ್ಯಕೀಯ ಸೀಟಿನ ಪರೀಕ್ಷೆ), ಜೆಇಇ (ಐಐಟಿ, ಎನ್‌ಐಟಿಯಂಥ ಕಾಲೇಜುಗಳ ಪರೀಕ್ಷೆ) ಆಗುತ್ತೆ ಅನ್ನೋ ಮಾತು ನಂಬಬೇಡಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರಕ್ಕೆ ನಮ್ಮ ಪಿಯುದಲ್ಲೂ ಸಿಬಿಎಸ್‌ಇಯವರು ಓದೋ ಎನ್‌ಸಿಇಆರ್‌ಟಿ ಪುಸ್ತಕವೇ ಇದೆ. ನೋಡಬೇಕಾದ್ದು ಬೇರೆ: ನಿಮಗೆ ಬೇಕಾದ ಸೀಟಿಗೆ ಹನ್ನೆರಡನೇ ತರಗತಿಯ ಅಂಕ ಎಷ್ಟು ಲೆಕ್ಕಕ್ಕೆ ಬರುತ್ತೆ?

ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿ ಮೂಲಕ ಎಂಜಿನಿಯರಿಂಗ್ ಅಂದರೆ ಅರ್ಧಕ್ಕರ್ಧ ಬರುತ್ತೆ. ಪಿಸಿಎಂನ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) 300 ಅಂಕಕ್ಕೆ 50, ಸಿಇಟಿಯ 180ಕ್ಕೆ 50. ಒಂದು ಹುಡುಗಿ ಪಿಯುದಲ್ಲಿ 270, ಸಿಇಟಿಯಲ್ಲಿ 90 ತೆಗೆದಳು ಅಂತಿಟ್ಟುಕೊಳ್ಳಿ: 45 ಕೂಡಿಸು 25, ಒಟ್ಟು 70. ಬರೀ ಕೋಚಿಂಗ್ ಹಿಂದೆ ಬಿದ್ದ ಇನ್ನೊಬ್ಬನಿಗೆ ಸಿಇಟಿಯಲ್ಲಿ 105 ಬಂತು, ಪಿಯುದಲ್ಲಿ 225ಕ್ಕೆ ಇಳಿದ: 37.5 ಮತ್ತು 29.17, ಒಟ್ಟು 66.67. ಸಿಇಟಿಯಲ್ಲಿ ಹದಿನೈದು ಪ್ರಶ್ನೆ ಹೆಚ್ಚು ಸರಿ ಮಾಡಿಯೂ ಹಿಂದೆ ಬಿದ್ದ. ಸಿಇಟಿಯ ಮೂರು ಅಂಕ ಪಿಯುದ ಐದು ಅಂಕಕ್ಕೆ ಸಮ, ಇಷ್ಟು ನೆನಪಿಟ್ಟುಕೊಂಡರೆ ಲೆಕ್ಕ ಸುಲಭ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯೋದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಅಡ್ಮಿಷನ್ನಿಗೆ ಹೋದಾಗ ಲ್ಯಾಬ್ ತೋರಿಸಿ ಅಂತ ಕೇಳಿ. ಭೌತಶಾಸ್ತ್ರ, ರಸಾಯನಶಾಸ್ತ್ರದ ಪ್ರಾಯೋಗಿಕಕ್ಕೆ 30, 30. ಗಣಿತದ ಆಂತರಿಕಕ್ಕೆ 20. ಮುನ್ನೂರರಲ್ಲಿ 80 ಅಂಕ ಅಲ್ಲೇ ಇದೆ. ಬ್ಯುರೆಟ್ (ದ್ರಾವಣ ಅಳೆಯೋ ಗಾಜಿನ ಕೊಳವೆ) ಮೇಲೆ ಧೂಳು ಕೂತಿದ್ದರೆ, ಅದರಲ್ಲಿ ಮಾಡೋ ಟೈಟ್ರೇಷನ್ ಪ್ರಯೋಗವನ್ನು ಪರೀಕ್ಷೆಯ ಹಿಂದಿನ ವಾರ ಮಾಡಿಸ್ತಾರೆ ಅಂತಲೇ ಅರ್ಥ. ಕಾಲೇಜಿಗೆ ಬರೋದೇ ಬೇಡ, ಹೆಸರು ಮಾತ್ರ ಇರಲಿ ಅನ್ನುವ ಕಡೆ ಸೇರಿಸಲೇಬೇಡಿ. ಶೇ 75 ಹಾಜರಾತಿ ಎರಡೂ ಬೋರ್ಡಿನಲ್ಲಿ ಕಡ್ಡಾಯ.

ನೀಟ್ ಲೆಕ್ಕವೇ ಬೇರೆ. ಅಲ್ಲಿ ಪಿಸಿಬಿಯಲ್ಲಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ) ಶೇ 50, ಮೀಸಲಾತಿಯವರಿಗೆ ಶೇ 40 ಬಂದರೆ ಅರ್ಹತೆ, ಆಮೇಲೆ ನೀಟ್‌ನ 720 ಅಂಕದಲ್ಲಿ ಎಷ್ಟು ಅನ್ನೋದಷ್ಟೇ. ಇಂಟಿಗ್ರೇಟೆಡ್ ಬ್ಯಾಚಿಗೆ ಕೊಡೋ ದುಡ್ಡಿಗೆ ಅರ್ಥ ಇರೋದು ಇಲ್ಲಿ. ಆದರೂ ಪಿಯು ಅಂಕ ಕೈಬಿಡಬೇಡಿ: ಬಳ್ಳಾರಿ, ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಸೀಟು ತಪ್ಪಿದರೆ ಮುಂದಿನ ಬಾಗಿಲು ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಬಿಎಸ್ಸಿ ಕೃಷಿ, ಅದಕ್ಕೆ ಸಿಇಟಿ ಬೇಕು, ಪಿಯು ಅಂಕವೂ ಬೇಕು. ರೈತರ ಮಕ್ಕಳಿಗೆ ಅಲ್ಲಿ ಪ್ರತ್ಯೇಕ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ ಇರುತ್ತೆ.

ಐಐಐಟಿ ರಾಯಚೂರು ಮನೆ ಪಕ್ಕದಲ್ಲೇ ಇದ್ದರೂ ಬಿ.ಟೆಕ್ ಸೀಟು ಸಿಇಟಿಯಿಂದ ಸಿಗಲ್ಲ, ಜೆಇಇ ಮೇನ್ ಬರೆಯಲೇಬೇಕು. ಸುರತ್ಕಲ್ ಎನ್‌ಐಟಿಗೂ ಅದೇ, ಅರ್ಧ ಸೀಟು ಕರ್ನಾಟಕದವರಿಗೆ.

ಮಗುವಿಗೆ ಇನ್ನೂ ಮನಸ್ಸು ಗಟ್ಟಿಯಾಗಿಲ್ಲ ಅಂದರೆ ಪಿಸಿಎಂಬಿ (ಗಣಿತ, ಜೀವಶಾಸ್ತ್ರ ಎರಡೂ ಇರೋದು) ಕೊಡಿಸಿ. ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗಿಗೆ ಪಿಯುದಲ್ಲಿ ಕಂಪ್ಯೂಟರ್ ವಿಷಯ ಇರಲೇಬೇಕು ಅಂತಿಲ್ಲ. ಜೀವಶಾಸ್ತ್ರದ ಬದಲು ಕಂಪ್ಯೂಟರ್ ಇರುವ ಪಿಸಿಎಂಸಿ ತಗೊಂಡರೆ ನೀಟ್ ಮತ್ತು ಕೃಷಿಯ ದಾರಿ ಕಷ್ಟ. ಕನ್ನಡ ಮಾಧ್ಯಮದವರು ನೀಟ್, ಜೆಇಇ ಮೇನ್ ಎರಡನ್ನೂ ಕನ್ನಡದಲ್ಲಿ ಬರೆಯಬಹುದು. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ, ಅದಕ್ಕೆ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಯಲ್ಲಿ ಕಲಿಸಿ.

ಇನ್ನು ನಮ್ಮ ಭಾಗದವರಿಗೆ ಇರುವ ದೊಡ್ಡ ಬಲ ಸಂವಿಧಾನದ 371(ಜೆ) ವಿಧಿ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ನಮ್ಮವರಿಗೆ ಮೀಸಲು. ಅರ್ಹತಾ ಪತ್ರ ಕೊಡೋದು ಸಹಾಯಕ ಆಯುಕ್ತರು; ಸಿಂಧನೂರಿನವರಿಗೆ ಲಿಂಗಸುಗೂರಿನ ಎಸಿ ಕಚೇರಿ. ಸಿಇಟಿ ಅರ್ಜಿ ಶುರುವಾದ ಮೇಲೆ ಓಡಾಡಿದರೆ ಅಲ್ಲಿ ರಶ್ಶು. ಹತ್ತನೇ ತರಗತಿ ರಜೆಯಲ್ಲೇ ಮಾಡಿಸಿಡಿ. ಗ್ರಾಮೀಣ, ಕನ್ನಡ ಮಾಧ್ಯಮ ಕೋಟಾಕ್ಕೆ ಒಂದರಿಂದ ಹತ್ತರವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು: ಮೊದಲು ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಹಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ ಇದ್ದರೆ ಅದನ್ನೂ ಆ ರಜೆಯಲ್ಲೇ ಸರಿಪಡಿಸಿಕೊಳ್ಳಿ.