ಕೆಮ್ಮಣ್ಣಿನಲ್ಲಿ ಕೈಬದಲಾದ ಅಗ್ರಸ್ಥಾನ

ಪ್ರತಿ ಸೋಮವಾರ ಟೆನಿಸ್ ರ‍್ಯಾಂಕಿಂಗ್ ಪಟ್ಟಿಯನ್ನು ನೋಡುವುದು ನನ್ನ ರೂಢಿ. ಮಣ್ಣಿನಂಕಣದ ಋತುವಿನಲ್ಲಂತೂ ಅದನ್ನು ತಪ್ಪಿಸುವುದೇ ಇಲ್ಲ. ಗಳಿಸಿದ ಅಂಕಗಳು ಆಟಗಾರನ ಬಳಿ ಉಳಿಯುವುದು 52 ವಾರ ಮಾತ್ರವಾದ್ದರಿಂದ, ಹಿಂದಿನ ವರ್ಷ ಪ್ಯಾರಿಸ್‌ನ ಮಣ್ಣಿನಂಕಣದಲ್ಲಿ ನಡೆಯುವ ಫ್ರೆಂಚ್ ಓಪನ್ ಗೆದ್ದವನು ಮತ್ತೆ ಗೆದ್ದರಷ್ಟೇ ಆ 2000 ಅಂಕಗಳನ್ನು ಕಾಪಾಡಿಕೊಳ್ಳಬಲ್ಲ.

2024ರಲ್ಲಿ ಹಿಂದಿನ ವರ್ಷದ ವಿಜೇತರೂ ಆಗ ಅಗ್ರಸ್ಥಾನದಲ್ಲಿದ್ದವರೂ ಆದ ನೊವಾಕ್ ಜೊಕೊವಿಚ್ ಈ ಹೊರೆಯನ್ನು ಹೊತ್ತೇ ಪ್ಯಾರಿಸ್‌ಗೆ ಬಂದಿದ್ದರು. ನಾಲ್ಕನೇ ಸುತ್ತಿನಲ್ಲಿ ಮೊಣಕಾಲಿಗೆ ಪೆಟ್ಟಾದರೂ, ನಾಲ್ಕೂವರೆ ಗಂಟೆಗೂ ಹೆಚ್ಚು ಕಾಲ ಕಾದಾಡಿ ಫ್ರಾನ್ಸಿಸ್ಕೊ ಸೆರುಂಡೊಲೊ ಅವರನ್ನು ಐದು ಸೆಟ್‌ಗಳಲ್ಲಿ ಸೋಲಿಸಿದ ಅವರು, ಮರುದಿನ ಟೂರ್ನಿಯಿಂದಲೇ ಹಿಂದೆ ಸರಿಯಬೇಕಾಯಿತು. ಕ್ವಾರ್ಟರ್‌ಫೈನಲ್ ತಲುಪಿದ್ದಕ್ಕೆ ದಕ್ಕಿದ್ದು 400 ಅಂಕ, ಕೈತಪ್ಪಿದ್ದು 1600. ಗೆದ್ದ ಪಂದ್ಯವೇ ಪಟ್ಟವನ್ನು ಕಸಿದುಕೊಂಡ ಆ ದಿನವನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಜೊಕೊವಿಚ್ ಹಿಂದೆ ಸರಿದ ದಿನವೇ ಕ್ವಾರ್ಟರ್‌ಫೈನಲ್‌ನಲ್ಲಿ ಗ್ರಿಗೊರ್ ದಿಮಿತ್ರೊವ್ ಅವರನ್ನು ಮಣಿಸಿದ ಯಾನಿಕ್ ಸಿನ್ನರ್ ಅವರಿಗೆ, ತಾವು ಮೊದಲ ಸ್ಥಾನಕ್ಕೇರುವ ಸುದ್ದಿ ಅಂಕಣದಲ್ಲೇ ತಿಳಿಯಿತು. ಸಂಭ್ರಮಿಸುವ ಬದಲು ಅವರು ಜೊಕೊವಿಚ್ ಬೇಗ ಚೇತರಿಸಿಕೊಳ್ಳಲೆಂದು ಹಾರೈಸಿದರು. ನನ್ನ ಮಟ್ಟಿಗೆ ಅವರ ದೊಡ್ಡತನ ಕಂಡದ್ದು ಅಲ್ಲಿಯೇ. ಸೆಮಿಫೈನಲ್‌ನಲ್ಲಿ ಕಾರ್ಲೊಸ್ ಅಲ್ಕರಾಜ್‌ಗೆ ಸೋತರೂ, ಜೂನ್ 10ರಂದು ಸಿನ್ನರ್ ವಿಶ್ವದ ಅಗ್ರಸ್ಥಾನಕ್ಕೇರಿದ ಇಟಲಿಯ ಮೊದಲ ಆಟಗಾರರಾದರು. ಪ್ರಶಸ್ತಿ ಗೆದ್ದ ಅಲ್ಕರಾಜ್ ಎರಡನೆಯವರಾದರು, ಜೊಕೊವಿಚ್ ಮೂರಕ್ಕಿಳಿದರು.