ಭಾಷಣಕ್ಕೆ ಹತ್ತು ನಿಮಿಷ ಮೊದಲು ಮರೆಯಾದ ಸ್ಲೈಡ್

ಆನ್‌ಲೈನ್ ಮಾರ್ಕೆಟಿಂಗ್ ಸಮ್ಮೇಳನಗಳಿಗೆ ನಾನು ಆರೇಳು ವರ್ಷ ಸಭಿಕಳಾಗಿಯೇ ಹೋಗಿ ಬಂದಿದ್ದೆ. ಮುಂದಿನ ಸಾಲಿನಲ್ಲಿ ಕುಳಿತು, ಪರದೆಯ ಮೇಲೆ ಬಂದದ್ದನ್ನೆಲ್ಲ ಮೊಬೈಲಿನಲ್ಲಿ ಸೆರೆಹಿಡಿದು, ಕಚೇರಿಗೆ ಮರಳಿ ಸಹೋದ್ಯೋಗಿಗಳ ಮುಂದೆ ಹರಡುವುದು ನನ್ನ ರೂಢಿ. ಕಳೆದ ಸಲ ಸಂಘಟಕರು ಒಂದು ಸಭಾಂಗಣದ ಉಸ್ತುವಾರಿ ನೋಡಿಕೊಳ್ಳುವಿರಾ ಎಂದು ಕೇಳಿದರು, ಒಪ್ಪಿಕೊಂಡೆ. ಭಾಷಣಕಾರರನ್ನು ಬರಮಾಡಿಕೊಳ್ಳಬೇಕು, ಅವರ ಸ್ಲೈಡುಗಳು ವೇದಿಕೆಯ ಕಂಪ್ಯೂಟರಿಗೆ ಬಂದಿವೆಯೇ ಎಂದು ನೋಡಬೇಕು, ಐದು ನಿಮಿಷ ಉಳಿದಾಗ ಹಳದಿ ಕಾಗದ, ಸಮಯ ಮುಗಿದಾಗ ಕೆಂಪು ಕಾಗದ ಎತ್ತಿ ಹಿಡಿಯಬೇಕು. ಇಷ್ಟೇ ಕೆಲಸ. ಆದರೆ ವೇದಿಕೆಯ ಹಿಂದಿನ ಆ ಕಿರುಕೋಣೆಯಲ್ಲಿ ಎರಡು ದಿನ ಕಳೆದ ಮೇಲೆ ನಾನು ನನ್ನ ಕೆಲಸ ಮಾಡುವ ರೀತಿಯೇ ಬದಲಾಯಿತು.

ಮೊದಲ ದಿನದ ಎರಡನೇ ಭಾಷಣ ಸರ್ಚ್ ಜಾಹೀರಾತಿನ ಬಗ್ಗೆ, ಅಂದರೆ ಗೂಗಲ್‌ನಂಥ ಕಡೆ ಏನನ್ನಾದರೂ ಹುಡುಕಿದಾಗ ಫಲಿತಾಂಶಗಳ ಜೊತೆ ಕಾಣುವ ಜಾಹೀರಾತಿನ ಬಗ್ಗೆ. ಭಾಷಣಕಾರರು ಅರ್ಧ ಗಂಟೆ ಮೊದಲೇ ಬಂದು ಲ್ಯಾಪ್‌ಟಾಪ್ ತೆರೆದು ಕುಳಿತಿದ್ದರು. ಅವರ ಪರದೆಯ ಮೇಲೊಂದು ನಕ್ಷೆ, ಅದರಲ್ಲಿ ಎರಡು ಗೆರೆಗಳು. ಜಾಹೀರಾತಿನಿಂದ ಬಂದಿದೆಯೆಂದು ಲೆಕ್ಕ ಹಾಕಿದ ಮಾರಾಟವನ್ನು ತೋರಿಸುವ ನೀಲಿ ಗೆರೆ ತಿಂಗಳಿಂದ ತಿಂಗಳಿಗೆ ಮೇಲೇರುತ್ತಿತ್ತು. ಒಟ್ಟು ಮಾರಾಟದ ಬೂದು ಗೆರೆ ಮಾತ್ರ ಇದ್ದಲ್ಲೇ ಇತ್ತು. ಅವರು ಆ ಸ್ಲೈಡನ್ನು ಒಂದಷ್ಟು ಹೊತ್ತು ದಿಟ್ಟಿಸಿದರು. ಆಮೇಲೆ ಅದನ್ನು ಮರೆಮಾಡಿ, ನೀಲಿ ಗೆರೆಯೊಂದೇ ಇರುವ ಮುಂದಿನ ಸ್ಲೈಡಿಗೆ ಸರಿದರು. ನಾನು ನೋಡುತ್ತಿರುವುದು ಗೊತ್ತಾದಾಗ ಅವರೇ ಮಾತು ತೆಗೆದರು: “ನನ್ನ ನಿದ್ದೆ ಕೆಡಿಸಿರುವುದು ಆ ಬೂದು ಗೆರೆಯೇ ಮೇಡಂ. ಆದರೆ ಒಟ್ಟು ಮಾರಾಟವನ್ನು ಹೊರಗೆ ತೋರಿಸಲು ನಮ್ಮ ಕಾನೂನು ವಿಭಾಗ ಒಪ್ಪಿಲ್ಲ.”

ಅವರು ಸುಳ್ಳು ಹೇಳಹೊರಟವರಲ್ಲ. ನೀಲಿ ಗೆರೆಯ ಒಂದೊಂದು ಅಂಕಿಯೂ ಜಾಹೀರಾತು ಖಾತೆಯಲ್ಲಿ ಇದ್ದದ್ದೇ. ಜೊತೆಗಿರಬೇಕಾಗಿದ್ದ ಇನ್ನೊಂದು ಗೆರೆ ಕೋಣೆಯಲ್ಲೇ ಉಳಿಯಿತು, ಅಷ್ಟೇ. ಮುನ್ನೂರು ಜನ ನೀಲಿ ಗೆರೆಯ ಫೋಟೊ ತೆಗೆದುಕೊಂಡರು. ಹಿಂದಿನ ವರ್ಷವಾಗಿದ್ದರೆ ಅವರ ನಡುವೆ ನಾನೂ ಇರುತ್ತಿದ್ದೆ.

ಪ್ರಶ್ನೋತ್ತರದ ಸಮಯ ಮುಗಿಯುತ್ತಾ ಬಂದಿತ್ತು. ಕೊನೆಯ ಸಾಲಿನಿಂದ ಒಬ್ಬ ಮಹಿಳೆ ಎದ್ದು ನಿಂತು ಕೇಳಿದರು: “ಈ ಜಾಹೀರಾತು ಕಾಣದಿದ್ದರೂ ನಿಮ್ಮಲ್ಲೇ ಕೊಳ್ಳುತ್ತಿದ್ದವರು ಇವರಲ್ಲಿ ಎಷ್ಟು ಮಂದಿ ಸರ್?” ಕೆಂಪು ಕಾಗದ ನನ್ನ ಕೈಯಲ್ಲಿತ್ತು, ಎತ್ತುವ ಹೊತ್ತೂ ಆಗಿತ್ತು. ನಾನು ಅದನ್ನು ತೊಡೆಯ ಮೇಲೆ ಮಗುಚಿಟ್ಟೆ. ಭಾಷಣಕಾರರು ನೀರು ಕುಡಿದು, ಮೈಕನ್ನು ಸರಿಪಡಿಸಿಕೊಂಡು, “ಅದನ್ನು ನಾವಿನ್ನೂ ಅಳೆದಿಲ್ಲ. ಅಳೆಯಲೇಬೇಕು” ಎಂದರು. ಎರಡು ದಿನಗಳಲ್ಲಿ ಆ ವೇದಿಕೆಯಿಂದ ನಾನು ಕೇಳಿದ ಅತ್ಯಂತ ಉಪಯುಕ್ತ ಮಾತು ಅದು.

ಸಂಜೆ ಮೊಗಸಾಲೆಯಲ್ಲಿ ಆ ಮಹಿಳೆ, ಭಾಷಣಕಾರರು, ನಾನು ಮೂವರೂ ಒಂದೇ ಮೇಜಿನ ಸುತ್ತ ನಿಂತಿದ್ದೆವು. ಮಾತು ಆನ್‌ಲೈನ್ ಮಾರಾಟ ತಾಣವಾದ ಇಬೇ ಕಂಪನಿಯ ಪ್ರಯೋಗದ ಕಡೆಗೆ ತಿರುಗಿತು. 2012ರ ಮಾರ್ಚ್‌ನಲ್ಲಿ ಇಬೇ ಅಮೆರಿಕದಲ್ಲಿ ಯಾಹೂ ಮತ್ತು ಮೈಕ್ರೋಸಾಫ್ಟ್ ಸರ್ಚ್‌ಗಳಲ್ಲಿ ತನ್ನ ಹೆಸರಿನ ಮೇಲಿನ, ಅಂದರೆ ಇಬೇ ಎಂದು ಹುಡುಕಿದವರಿಗೆ ಕಾಣುವ ಜಾಹೀರಾತುಗಳನ್ನು ನಿಲ್ಲಿಸಿ, ಗೂಗಲ್‌ನಲ್ಲಿ ಮಾತ್ರ ಮುಂದುವರಿಸಿತು. ಹಾಗೆ ಕೈಬಿಟ್ಟ ಕ್ಲಿಕ್ಕುಗಳಲ್ಲಿ ಶೇ. 99.5ರಷ್ಟು ಹಣ ಕೊಡದ ಸಾಮಾನ್ಯ ಫಲಿತಾಂಶಗಳ ಮೂಲಕವೇ ಮರಳಿ ಬಂದವು. ಇಬೇ ಎಂದೇ ಟೈಪ್ ಮಾಡಿದವರು ಹೇಗಿದ್ದರೂ ಅಲ್ಲಿಗೇ ಹೋಗುವವರಲ್ಲವೇ? ಥಾಮಸ್ ಬ್ಲೇಕ್, ಕ್ರಿಸ್ ನೋಸ್ಕೊ, ಸ್ಟೀವನ್ ಟ್ಯಾಡೆಲಿಸ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು 2015ರಲ್ಲಿ ಇಕನೊಮೆಟ್ರಿಕಾ ಎಂಬ ಅರ್ಥಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೇರೆ ಪದಗಳ ಮೇಲಿನ ಜಾಹೀರಾತನ್ನೂ ಕೆಲವು ಪ್ರದೇಶಗಳಲ್ಲಿ ನಿಲ್ಲಿಸಿ ನೋಡಿದಾಗ, ಅದು ಹೊಸಬರ ಮೇಲೆ ಮತ್ತು ಅಪರೂಪಕ್ಕೆ ಕೊಳ್ಳುವವರ ಮೇಲೆ ಪರಿಣಾಮ ಬೀರುತ್ತಿತ್ತು, ಪದೇ ಪದೇ ಕೊಳ್ಳುವವರ ಮೇಲೆ ಬೀರುತ್ತಿರಲಿಲ್ಲ ಎಂದು ತಿಳಿಯಿತು. ಇದು ಎಲ್ಲರಿಗೂ ಹೀಗೇ ಅನ್ವಯಿಸುತ್ತದೆ ಎಂದು ನಾನು ನಂಬುವುದಿಲ್ಲ. ಇಬೇ ಆಗಲೇ ಮನೆಮಾತಾಗಿದ್ದ ಹೆಸರು. ಯಾರೂ ಕೇಳಿರದ ಕಂಪನಿಗೆ, ತನ್ನ ಹೆಸರಿನ ಮೇಲೆ ಪ್ರತಿಸ್ಪರ್ಧಿಗಳು ಜಾಹೀರಾತು ಹಾಕುತ್ತಿರುವ ಕಂಪನಿಗೆ ಬೇರೆಯೇ ಉತ್ತರ ಸಿಗಬಹುದು. ಆದರೆ ನಿಲ್ಲಿಸಿ ನೋಡಿದವರಿಗಷ್ಟೇ ಆ ಉತ್ತರ ಸಿಗುತ್ತದೆ.

ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ. ನನ್ನದು ಇ-ಮೇಲ್ ವಿಭಾಗ. ಪತ್ರವನ್ನು ಎಷ್ಟು ಜನ ತೆರೆದರು ಎಂಬುದನ್ನು ನಾವು ತಿಳಿಯುವುದು ಅದರೊಳಗಿನ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರವೊಂದರಿಂದ. ಪತ್ರ ತೆರೆದಾಗ ಆ ಚಿತ್ರ ನಮ್ಮ ಸರ್ವರ್‌ನಿಂದ ಇಳಿಯುತ್ತದೆ, ಲೆಕ್ಕಕ್ಕೆ ಒಂದು ಸೇರುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಐಫೋನಿನ ಐಒಎಸ್ 15 ಬಂದಿತು. ಅದರಲ್ಲಿ ಆಪಲ್ ತಂದ ಹೊಸ ರಕ್ಷಣೆಯನ್ನು ಆರಿಸಿಕೊಂಡವರ ಆಪಲ್ ಮೇಲ್ ಆ್ಯಪ್, ಓದುಗರು ಪತ್ರ ತೆರೆದರೂ ತೆರೆಯದಿದ್ದರೂ ಚಿತ್ರಗಳನ್ನು ಹಿನ್ನೆಲೆಯಲ್ಲಿ ತಾನೇ ಇಳಿಸಿಕೊಳ್ಳತೊಡಗಿತು. ನಮ್ಮ ಅಂಕಿ ಸರ್ರನೆ ಏರಿತು. ಅದೇ ಸಮಯಕ್ಕೆ ನಾನು ಪತ್ರಗಳ ಶೀರ್ಷಿಕೆ ಬರೆಯುವ ಶೈಲಿಯನ್ನು ಬದಲಿಸಿದ್ದೆ. ಏರಿಕೆಯ ಶ್ರೇಯಸ್ಸನ್ನೆಲ್ಲ ಶೀರ್ಷಿಕೆಗೆ ಕೊಟ್ಟು, ಒಂದು ಸಣ್ಣ ಸಭೆಯಲ್ಲಿ ಅದನ್ನೇ ಭಾಷಣವಾಗಿಯೂ ಮಾಡಿದೆ. ನಿಜ ತಿಳಿದ ಮೇಲೆ ತಂಡದೊಳಗೆ ಲೆಕ್ಕವನ್ನು ತಿದ್ದಿಕೊಂಡೆವು. ಆದರೆ ಅಂದು ಟಿಪ್ಪಣಿ ಮಾಡಿಕೊಂಡು ಹೋದವರಿಗೆ ನಾನು ಇವತ್ತಿನವರೆಗೂ ಹೇಳಿರಲಿಲ್ಲ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಆ ಟಿಪ್ಪಣಿಯನ್ನು ಹೊಡೆದುಹಾಕಿ.

ಎರಡನೇ ದಿನ ಬಿಡುವಿನಲ್ಲಿ ಪ್ರಾಯೋಜಕರ ಮಳಿಗೆಗಳ ಕಡೆ ಹೋದೆ. (ಕಾರ್ಯಕ್ರಮ ಪಟ್ಟಿಯಲ್ಲಿ ಪ್ರಾಯೋಜಕರು ಹಣ ಕೊಟ್ಟು ಪಡೆದ ಭಾಷಣಗಳಿಗೆ ಸಣ್ಣ ಅಕ್ಷರದಲ್ಲಿ ಗುರುತು ಇರುತ್ತದೆ. ಒಳಗೆ ಹೋಗುವ ಮೊದಲು ಓದಿಕೊಳ್ಳಿ.) ಒಂದು ಮಳಿಗೆಯಲ್ಲಿ ಎಳೆಯ ಹುಡುಗಿಯೊಬ್ಬಳು ಬಂದವರಿಗೆ ಕೈಚೀಲ ಕೊಟ್ಟು, ಅವರ ಬ್ಯಾಡ್ಜನ್ನು ಮೊಬೈಲಿನಿಂದ ಸ್ಕ್ಯಾನ್ ಮಾಡುತ್ತಿದ್ದಳು. ಪ್ರತಿ ಸ್ಕ್ಯಾನ್ ಅವಳ ಕಂಪನಿಗೆ ಒಬ್ಬ ಸಂಭಾವ್ಯ ಗ್ರಾಹಕ. ಅವಳ ಪಕ್ಕದಲ್ಲಿ ಒಂದು ಪುಟ್ಟ ನೋಟ್‌ಬುಕ್ಕೂ ಇತ್ತು. ಅದೇನೆಂದು ಕೇಳಿದೆ. “ನಿಜವಾಗಿ ಏನಾದರೂ ಪ್ರಶ್ನೆ ಕೇಳಿದವರ ಹೆಸರು ಇದರಲ್ಲಿದೆ ಮೇಡಂ. ಇದನ್ನು ಇನ್ನೂ ಯಾರೂ ಕೇಳಿಲ್ಲ, ಸ್ಕ್ಯಾನ್ ಎಷ್ಟಾಯಿತು ಎಂದಷ್ಟೇ ಸಂಜೆ ಕೇಳುತ್ತಾರೆ” ಎಂದಳು. ನೋಟ್‌ಬುಕ್ಕಿನಲ್ಲಿ ಒಂದು ಪುಟವೂ ತುಂಬಿರಲಿಲ್ಲ.

ಚೀಲಕ್ಕಾಗಿ ಬ್ಯಾಡ್ಜ್ ಚಾಚಿದವರಿಗೆಲ್ಲ ಮುಂದಿನ ವಾರದಿಂದ ಪತ್ರ ಕಳುಹಿಸುವುದು ಎಷ್ಟು ದುಬಾರಿ ತಪ್ಪು ಎಂಬುದನ್ನು ಇ-ಮೇಲ್ ಕೆಲಸದವರು ಬಲ್ಲರು. ಒಂದೇ ದಿನದಲ್ಲಿ ಜಿಮೇಲ್ ಖಾತೆಗಳಿಗೆ 5,000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರಿಗೆ ಗೂಗಲ್ 2024ರ ಫೆಬ್ರವರಿಯಿಂದ ನಿಯಮಗಳನ್ನು ಬಿಗಿಗೊಳಿಸಿದೆ, ಯಾಹೂ ಕೂಡ ಅದೇ ದಾರಿ ಹಿಡಿದಿದೆ. ಸ್ಪ್ಯಾಮ್ ಎಂದು ದೂರುವವರ ಪ್ರಮಾಣ ಶೇ. 0.3ನ್ನು ಮುಟ್ಟಬಾರದು. ಸಾವಿರದಲ್ಲಿ ಮೂರು ಜನ ಸಿಟ್ಟಾದರೆ ಸಾಕು, ನಿಜವಾಗಿಯೂ ಕಾದಿರುವ ಗ್ರಾಹಕರಿಗೆ ಕಳುಹಿಸಿದ ಪತ್ರವೂ ಸ್ಪ್ಯಾಮ್ ಪೆಟ್ಟಿಗೆಗೆ ಬೀಳತೊಡಗಬಹುದು. ನಾನು ಆ ಕಂಪನಿಯಲ್ಲಿದ್ದಿದ್ದರೆ ಮೊಬೈಲನ್ನು ಬದಿಗಿಟ್ಟು ಆ ನೋಟ್‌ಬುಕ್ಕನ್ನೇ ತೆಗೆದುಕೊಂಡು ಹೋಗುತ್ತಿದ್ದೆ.

ಊರಿಗೆ ಮರಳಿದ ಮೇಲೆ ಈ ಸಲ ಫೋಟೊ ತೋರಿಸಲಿಲ್ಲ. ನಮ್ಮ ಗ್ರಾಹಕರ ಪಟ್ಟಿಯಿಂದ ಚೀಟಿ ಎತ್ತಿದಂತೆ ಹತ್ತರಲ್ಲಿ ಒಬ್ಬರನ್ನು ಆರಿಸಿ, ಮೂರು ತಿಂಗಳು ಅವರಿಗೆ ಪ್ರಚಾರದ ಪತ್ರವನ್ನೇ ಕಳುಹಿಸದಿರಲು ಅನುಮತಿ ಕೇಳಿದೆ. ವ್ಯವಸ್ಥಾಪಕರು ಹಿಂಜರಿದರು. ಮಾರಾಟ ಬಿದ್ದರೆ ಯಾರು ಉತ್ತರ ಕೊಡುವುದು ಎಂಬ ಅವರ ಭಯ ಸಹಜವೇ. ನಾನೇ ಎಂದು ಬರೆದುಕೊಟ್ಟೆ.

ಫಲಿತಾಂಶ ಬಂದಾಗ, ವಾರದ ರಿಯಾಯಿತಿ ಪತ್ರ ಪಡೆದವರಿಗೂ ಪಡೆಯದವರಿಗೂ ಖರೀದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವರದಿಗಳಲ್ಲಿ ವರ್ಷಗಟ್ಟಲೆ ಅತಿ ಹೆಚ್ಚು ಮಾರಾಟ ತರುತ್ತದೆ ಎನಿಸಿಕೊಂಡಿದ್ದ ಪತ್ರ ಅದು. ಕೊಂಡ ವಸ್ತುವಿನ ಬಿಡಿಭಾಗ ಬದಲಿಸುವ ಕಾಲ ಬಂತೆಂದು ನೆನಪಿಸುವ, ನಾವು ಯಾರೂ ಗಮನ ಕೊಡದ ಪತ್ರ ಮಾತ್ರ ನಿಚ್ಚಳವಾಗಿ ಕೆಲಸ ಮಾಡಿತ್ತು. ಈಗ ಮೊದಲನೆಯದನ್ನು ತಿಂಗಳಿಗೆ ಒಂದಕ್ಕೆ ಇಳಿಸಿದ್ದೇವೆ. ಎರಡನೆಯದನ್ನು ಹೊಸದಾಗಿ, ನಿಧಾನವಾಗಿ ಬರೆಯುತ್ತಿದ್ದೇನೆ.

ಆ ಭಾಷಣಕಾರರಿಂದ ಕಳೆದ ವಾರ ಪತ್ರ ಬಂತು. ಕೆಲವು ಪ್ರದೇಶಗಳಲ್ಲಿ ತಮ್ಮ ಹೆಸರಿನ ಮೇಲಿನ ಜಾಹೀರಾತನ್ನು ಆರು ವಾರ ನಿಲ್ಲಿಸಿ ನೋಡಲು ಅವರ ಕಂಪನಿ ಒಪ್ಪಿದೆಯಂತೆ. ಈಗ ಎರಡನೇ ವಾರ ನಡೆಯುತ್ತಿದೆ.