ಗುರುವಾರ ತೆಗೆದ ಸೆಲ್

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ಟೆಂಡರ್. ಆ ಎರಡು ದಿನ ಅಡತಿ (ದಲ್ಲಾಳಿ) ಅಂಗಡಿಯ ಕಂಪ್ಯೂಟರ್‌ಗೆ ಸ್ಕ್ರೂಡ್ರೈವರ್ ಹಚ್ಚಬಾರದು. 2025ರ ಫೆಬ್ರವರಿಯಲ್ಲಿ ಒಂದು ಗುರುವಾರ ನಾನು ಹಚ್ಚಿದೆ. ಅವತ್ತಿನ ಮುಕ್ಕಾಲು ಗಂಟೆ ಇನ್ನೂ ನನ್ನ ಮನಸ್ಸಿಂದ ಹೋಗಿಲ್ಲ.

ನಾನು ಹಾವೇರಿಯಲ್ಲಿ ಒಂದು ಸಣ್ಣ ಸರ್ವಿಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಆ ಅಡತಿ ಅಂಗಡಿ ನಮ್ಮ ಹಳೇ ಗಿರಾಕಿ. ಅಲ್ಲಿರುವುದು ಒಂದೇ ಸಿಸ್ಟಮ್. ಎಚ್61 ಮದರ್‌ಬೋರ್ಡ್, ಐ3 2120 ಪ್ರೊಸೆಸರ್, 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. ಬೆಳಿಗ್ಗೆ ಆನ್ ಮಾಡಿ ಚಹಾ ಕುಡಿದು ಬಂದರೂ ಡೆಸ್ಕ್‌ಟಾಪ್ ಪೂರ್ತಿ ಬಂದಿರುತ್ತಿರಲಿಲ್ಲ. ಸಾವ್ಕಾರರಿಗೆ ಯಾರೋ ಹೇಳಿದ್ದರು, ಪ್ರೊಸೆಸರ್ ಬದಲಿಸಿ ಐ7 ಹಾಕಿಸಿ ಅಂತ. ಇನ್ನೊಬ್ಬರು ಹೊಸದೇ ತಗೊಳ್ಳಿ ಅಂದಿದ್ದರು.

ಎರಡೂ ಬೇಡ ಅಂದವನು ನಾನೇ. ಆ ಮಾತು ಇವತ್ತಿಗೂ ಸರಿ ಅನ್ನುತ್ತೇನೆ. ಟಾಸ್ಕ್ ಮ್ಯಾನೇಜರ್ ತೆರೆದು ತೋರಿಸಿದೆ. ಸಿಪಿಯು ಹತ್ತು ಪರ್ಸೆಂಟ್ ಸುತ್ತಮುತ್ತ ಆಡ್ತಿತ್ತು. ಡಿಸ್ಕ್ ಮಾತ್ರ ನೂರಕ್ಕೆ ನಿಂತುಬಿಟ್ಟಿತ್ತು. ಸಿಕ್ಕಿಕೊಂಡಿರೋದು ಡಿಸ್ಕ್‌ನಲ್ಲಿ. ಹಾಗಿರುವಾಗ ಪ್ರೊಸೆಸರ್‌ಗೆ ದುಡ್ಡು ಸುರಿದು ಏನು ಬಂತು? ಎಚ್61 ಬೋರ್ಡ್‌ನಲ್ಲಿ ಡಿಸ್ಕ್ ಸಿಕ್ಕಿಸಲು ಹಳೇ ಸಾಟಾ 2 ಪೋರ್ಟ್ ಅಷ್ಟೇ. ಅದರ ಮೇಲೆ ಎಂಥ ದುಬಾರಿ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ನ ಡಿಸ್ಕ್) ಹಾಕಿದರೂ ಸೆಕೆಂಡಿಗೆ ಮುನ್ನೂರು ಎಂಬಿ ದಾಟಲ್ಲ. ಹಾಗಾಗಿ ಸಾದಾ 256 ಜಿಬಿ ಸಾಟಾ ಎಸ್‌ಎಸ್‌ಡಿ ಸಾಕು. ಹಾರ್ಡ್‌ಡಿಸ್ಕ್ ಸೋಲುವುದು ಚೂರು ಚೂರು ಫೈಲ್‌ಗಳನ್ನು ಅಲ್ಲಿ ಇಲ್ಲಿ ಹುಡುಕುವುದರಲ್ಲಿ. ಎಸ್‌ಎಸ್‌ಡಿ ಗೆಲ್ಲುವುದೂ ಅಲ್ಲೇ.

ರ್‍ಯಾಮ್ ಇನ್ನೊಂದು 4 ಜಿಬಿ. ಆ ಬೋರ್ಡ್‌ನಲ್ಲಿ ಸ್ಲಾಟ್ ಎರಡೇ, ಒಂದು ಖಾಲಿ ಇತ್ತು. ಇಲ್ಲೊಂದು ಮಾತು ಹೇಳಲೇಬೇಕು. ಆನ್‌ಲೈನ್‌ನಲ್ಲಿ 8 ಜಿಬಿ ಡಿಡಿಆರ್3 ಕಡ್ಡಿ ಬಹಳ ಅಗ್ಗಕ್ಕೆ ಕಾಣುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಎಎಂಡಿಗೆ ಮಾತ್ರ ಅಂತ ಬರೆದಿರುತ್ತಾರೆ. ಅದನ್ನು ಇಂಟೆಲ್ ಬೋರ್ಡ್‌ಗೆ ಹಾಕಿದರೆ ಡಿಸ್‌ಪ್ಲೇನೇ ಬರಲ್ಲ. ಅಂಥ ಎರಡು ಕಡ್ಡಿ ನಮ್ಮ ಅಂಗಡಿಯ ಡ್ರಾಯರ್‌ನಲ್ಲಿ ಈಗಲೂ ಬಿದ್ದಿವೆ.

ಹೊಸ ಸಿಸ್ಟಮ್ ಬೇಡ ಅನ್ನೋದಕ್ಕೆ ಇನ್ನೊಂದು ಕಾರಣ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ರೈತರಿಗೆ ಕೊಡುವ ಮಾರಾಟದ ಲೆಕ್ಕದ ಚೀಟಿ, ಅಂದರೆ ಪಟ್ಟಿ, ಕಾರ್ಬನ್ ಇಟ್ಟು ಮೂರು ಪ್ರತಿ ಒಂದೇ ಹೊಡೆತಕ್ಕೆ ಬರಬೇಕು, ಲೇಸರ್‌ನಲ್ಲಿ ಅದು ಆಗಲ್ಲ. ಆ ಪ್ರಿಂಟರ್ ಇರೋದು ಪ್ಯಾರಲಲ್ ಪೋರ್ಟ್ ಮೇಲೆ. ಅವರ ಬಿಲ್ಲಿಂಗ್ ಸಾಫ್ಟ್‌ವೇರ್ ನೇರವಾಗಿ ಆ ಪೋರ್ಟ್‌ಗೆ, ಅಂದರೆ ಎಲ್‌ಪಿಟಿ1ಕ್ಕೆ, ಕಳಿಸುತ್ತದೆ. ಹೊಸ ಬೋರ್ಡ್‌ಗಳಲ್ಲಿ ಆ ಪೋರ್ಟ್ ಸಿಗೋದು ಅಪರೂಪ.

ನಮ್ಮ ಅಂಗಡಿಯಲ್ಲಿ ಗಿರಾಕಿ ಕಡೆ ಹೋಗಿ ಮಾಡುವ ಒಂದು ಕಾಲ್‌ಗೆ ಎರಡು ತಾಸು ಅಂತ ಲೆಕ್ಕ. ಯಾವ ಊರು, ಯಾವ ದಿನ, ಡಿಸ್ಕ್ ಎಷ್ಟು ಹಳೇದು, ಇದ್ಯಾವುದೂ ಲೆಕ್ಕಕ್ಕೆ ಬರಲ್ಲ. ಬ್ಯಾಡಗಿ ಕಾಲ್ ಗುರುವಾರಕ್ಕೆ ಬಿತ್ತು. ನಾನೂ ಬಾಯಿ ಬಿಡಲಿಲ್ಲ. ಟೆಂಡರ್ ಆಗಿ, ತೂಕ ಆಗಿ, ಪಟ್ಟಿ ಶುರುವಾಗೋದು ಮಧ್ಯಾಹ್ನದ ಮೇಲೆ. ಹತ್ತಕ್ಕೆ ಹೋದರೆ ಒಂದಕ್ಕೆ ಮುಗಿಯುತ್ತೆ ಅಂದುಕೊಂಡೆ.

ಹಳೇ ಡಿಸ್ಕ್‌ನಲ್ಲಿದ್ದದ್ದನ್ನೆಲ್ಲ ಹಾಗೇ ಎಸ್‌ಎಸ್‌ಡಿಗೆ ನಕಲು ಮಾಡುವ ಕ್ಲೋನ್ ಮುಗಿದಾಗಲೇ ಎರಡೂವರೆ. ಹಳೇ ಡಿಸ್ಕ್ ಮಧ್ಯೆ ಮಧ್ಯೆ ನಿಂತು ನಿಂತು ಓದ್ತಿತ್ತು. ಆಗಲಾದರೂ ಬರೀ ಎಸ್‌ಎಸ್‌ಡಿ ಸಿಕ್ಕಿಸಿ ಒಂದು ಸಲ ಬೂಟ್ ಮಾಡಿ ನೋಡಬೇಕಿತ್ತು. ನಾನು ನೋಡಲಿಲ್ಲ. ಹೇಗೂ ಕ್ಯಾಬಿನೆಟ್ ತೆಗೆದಿದ್ದೀನಿ, ಪೂರ್ತಿ ಸರ್ವಿಸ್ ಮಾಡಿಯೇ ಮುಚ್ಚೋಣ ಅನ್ನಿಸಿತು.

ಬ್ಯಾಡಗಿಯ ಕ್ಯಾಬಿನೆಟ್ ಒಳಗಿನ ಧೂಳು ಬೇರೆ ಊರಿನದ್ದರಂತಲ್ಲ. ಕೆಂಪಗಿರುತ್ತದೆ. ಹೀಟ್‌ಸಿಂಕ್‌ನ ಪದರುಗಳ ನಡುವೆ ಹತ್ತಿಯ ಹಾಗೆ ಗಂಟು ಕಟ್ಟಿಕೊಂಡಿರುತ್ತದೆ, ಅದರಲ್ಲಿ ಮೆಣಸಿನಕಾಯಿ ಸಿಪ್ಪೆಯ ಚೂರುಗಳು ಹೊಳೆಯುತ್ತಿರುತ್ತವೆ. ಹೊರಗೆ ತಂದು ಬ್ಲೋವರ್ ಹಿಡಿದೆ. ಘಾಟಿಗೆ ಕಣ್ಣಲ್ಲಿ ನೀರು, ಮೂಗಲ್ಲಿ ಉರಿ. ಪಕ್ಕದಲ್ಲಿ ಚೀಲ ಹೊಲಿಯುತ್ತಿದ್ದ ಹಮಾಲರಿಗೆ ಏನೂ ಅನ್ನಿಸಲಿಲ್ಲ, ಅವರಿಗೆ ಅದು ದಿನದ ಗಾಳಿ. ಪ್ರೊಸೆಸರ್ ಮೇಲಿನ ಪೇಸ್ಟ್ ಬದಲಿಸಿದೆ. ರ್‍ಯಾಮ್ ಹಾಕಿದೆ. ಬೋರ್ಡ್ ಮೇಲಿನ ಗುಂಡಿಯಂಥ ಸೀಮಾಸ್ ಸೆಲ್‌ಗೆ ಮಲ್ಟಿಮೀಟರ್ ಹಚ್ಚಿದೆ. ಮೂರು ವೋಲ್ಟ್ ಇರಬೇಕಾದ ಕಡೆ 2.5 ತೋರಿಸಿತು. ಕಿಟ್‌ನಲ್ಲಿ ಹೊಸ ಸಿಆರ್2032 ಇತ್ತು. ಹಳೇದು ತೆಗೆದು ಹೊಸದು ಕೂರಿಸಿದೆ.

ಮೂರೂಕಾಲಿಗೆ ಆನ್ ಮಾಡಿದೆ. ವಿಂಡೋಸ್ ಲೋಗೋ ಬಂತು, ಕೆಳಗೆ ಚುಕ್ಕಿಗಳು ಎರಡು ಸುತ್ತು ತಿರುಗಿದವು. ನೀಲಿ ಪರದೆ. ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್.

ಕ್ಲೋನ್ ಕೆಟ್ಟಿದೆ ಅಂದುಕೊಂಡೆ. ಪರವಾಗಿಲ್ಲ, ಹಳೇ ಡಿಸ್ಕ್ ಇದೆಯಲ್ಲ. ಎಸ್‌ಎಸ್‌ಡಿ ಬಿಚ್ಚಿ ಅದನ್ನೇ ಸಿಕ್ಕಿಸಿದೆ. ಲೋಗೋ ಬಂತು, ಚುಕ್ಕಿ ತಿರುಗಿತು, ಅದೇ ನೀಲಿ ಪರದೆ.

ಅಲ್ಲಿಗೆ ನನ್ನ ತಲೆ ನಿಂತುಹೋಯಿತು. ಬೆಳಿಗ್ಗೆ ಇದೇ ಡಿಸ್ಕ್‌ನಿಂದ ಓಡ್ತಿದ್ದ ಸಿಸ್ಟಮ್ ಅದು. ಕ್ಲೋನ್ ಮಾಡುವಾಗ ಮೂಲವನ್ನೇ ಕೆಡಿಸಿದೆನಾ ಅನ್ನಿಸಿತು. ಅದರಲ್ಲಿ ಆ ಸೀಸನ್‌ನ ರೈತರ ಖಾತೆ ಪೂರ್ತಿ ಇತ್ತು. ಪೆನ್‌ಡ್ರೈವ್ ಬ್ಯಾಕಪ್ ಇದೆಯಾ ಅಂತ ಗುಮಾಸ್ತರನ್ನು ಕೇಳಿದೆ. ಜನವರಿಯದ್ದು ಇದೆ ಅಂದರು.

ಹೊರಗೆ ಕಟ್ಟೆ ಮೇಲೆ ರೈತರು ಕೂತಿದ್ದರು. ರೋಣದ ಕಡೆಯವರು ಕೆಲವರು, ಬಳ್ಳಾರಿ ಕಡೆಯವರು ಕೆಲವರು. ರಾತ್ರಿ ಗಾಡಿಯಲ್ಲಿ ಬಂದವರು, ನಿದ್ದೆ ಇಲ್ಲದ ಮುಖಗಳು. ಅವರಿಗೆ ಪಟ್ಟಿ ಬೇಕು, ದುಡ್ಡು ಬೇಕು, ಊರಿಗೆ ಹೋಗಬೇಕು. 2024ರ ಮಾರ್ಚ್‌ನಲ್ಲಿ ಇದೇ ಮಾರುಕಟ್ಟೆಯಲ್ಲಿ ದರ ಕುಸಿದು ಗಲಾಟೆಯಾಗಿ ವಾಹನಗಳಿಗೆ ಬೆಂಕಿ ಬಿದ್ದಿತ್ತು. ಇನ್ನೂ ಒಂದು ವರ್ಷವೂ ಆಗಿರಲಿಲ್ಲ. ರೈತರ ಧ್ವನಿ ಸ್ವಲ್ಪ ಏರಿದರೂ ಎಲ್ಲರೂ ತಿರುಗಿ ನೋಡುತ್ತಿದ್ದ ಕಾಲ ಅದು.

“ತಮ್ಮಾ, ಇನ್ನೂ ಎಷ್ಟೊತ್ತು? ಮಂದಿ ಕುಂತಾರ,” ಅಂದರು ಸಾವ್ಕಾರರು. ಬೈಯಲಿಲ್ಲ. ಬೈದಿದ್ದರೇ ನನಗೆ ಸ್ವಲ್ಪ ಹಗುರ ಆಗ್ತಿತ್ತೇನೋ.

ಆಮೇಲೆ ನಾನು ಮಾಡಲು ಹೊರಟಿದ್ದು ಎಲ್ಲಕ್ಕಿಂತ ದೊಡ್ಡ ತಪ್ಪು. ಬೂಟೆಬಲ್ ಪೆನ್‌ಡ್ರೈವ್ ಹಾಕಿ ಹಳೇ ಡಿಸ್ಕ್ ಮೇಲೆಯೇ ರಿಪೇರಿ ಓಡಿಸಲು ಹೋದೆ. ಜನವರಿ ಆದಮೇಲಿನ ಲೆಕ್ಕ ಇದ್ದದ್ದು ಆ ಎರಡು ಡಿಸ್ಕ್‌ಗಳಲ್ಲಿ ಮಾತ್ರ. ಅದರಲ್ಲೊಂದು ಕ್ಲೋನ್, ಅದನ್ನು ನಾನು ನಂಬುತ್ತಿರಲಿಲ್ಲ. ಇನ್ನೊಂದು ನಿಂತು ನಿಂತು ಓದ್ತಿದ್ದ ಮೂಲ. ಅದರ ಮೇಲೆ ಬರೆಯೋಕೆ ಹೊರಟಿದ್ದೆ. ಎಂಟರ್ ಒತ್ತುವ ಮೊದಲು ಯಾಕೋ ನಮ್ಮ ಅಣ್ಣನವರಿಗೆ ಫೋನ್ ಮಾಡಿದೆ. ಅಂಗಡಿಯ ಮಾಲಕರು ಅವರೇ.

“ಏನೇನು ಮುಟ್ಟೀದಿ? ಒಂದೊಂದ ಹೇಳು,” ಅಂದರು.

ಎಸ್‌ಎಸ್‌ಡಿ, ರ್‍ಯಾಮ್, ಪೇಸ್ಟ್ ಅಂದೆ. ಆಮೇಲೆ ನೆನಪಾಗಿ, ಸೆಲ್ಲೂ ಬದಲಿಸಿದೆ ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಎರಡೂ ಡಿಸ್ಕ್ ಒಂದ ಸಲ ಹೆಂಗ ಸಾಯ್ತಾವೋ? ಬಯೋಸ್ ಒಳಗ ಹೋಗಿ ನೋಡಿ ಏನ?”

ಹೋಗಿರಲಿಲ್ಲ. ಬೋರ್ಡ್‌ನ ಮೂಲ ಸೆಟ್ಟಿಂಗ್, ಗಡಿಯಾರ ಇರುವ ಜಾಗ ಬಯೋಸ್; ಅವನ್ನು ಉಳಿಸಿಕೊಳ್ಳುವುದು ಆ ಸೆಲ್. ಸೆಲ್ ತೆಗೆದಾಗ ಬಯೋಸ್ ಸೆಟ್ಟಿಂಗ್ ಎಲ್ಲ ಡೀಫಾಲ್ಟ್‌ಗೆ ಹೋಗಿತ್ತು. ಬೋರ್ಡ್ ಡಿಸ್ಕ್ ಜೊತೆ ಮಾತಾಡುವ ರೀತಿಗೆ ಸಾಟಾ ಮೋಡ್ ಅಂತಾರೆ. ಆ ಬೋರ್ಡ್‌ನ ಡೀಫಾಲ್ಟ್ ಹಳೇ ರೀತಿಯ ಐಡಿಇ. ವಿಂಡೋಸ್ ಹಾಕಿದ್ದು ಹೊಸ ರೀತಿಯ ಎಎಚ್‌ಸಿಐನಲ್ಲಿ. ಮೋಡ್ ಬದಲಾದರೆ ವಿಂಡೋಸ್‌ಗೆ ತನ್ನ ಡಿಸ್ಕ್‌ನ ಗುರುತೇ ಸಿಗಲ್ಲ. ಡಿಲೀಟ್ ಒತ್ತಿ ಒಳಗೆ ಹೋದೆ, ಎಎಚ್‌ಸಿಐ ಮಾಡಿದೆ, ಎಫ್10. ಹಳೇ ಡಿಸ್ಕ್ ಎದ್ದಿತು. ಅದನ್ನು ಬಿಚ್ಚಿ ಎಸ್‌ಎಸ್‌ಡಿ ಸಿಕ್ಕಿಸಿದೆ. ಅದೂ ಎದ್ದಿತು, ಹದಿನೈದು ಸೆಕೆಂಡಿನಲ್ಲಿ. ಕ್ಲೋನ್‌ನಲ್ಲಿ ಏನೂ ತಪ್ಪಿರಲಿಲ್ಲ. ಗಂಟೆ ನಾಲ್ಕಾಗಿತ್ತು.

ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಅಂಗಡಿಯಲ್ಲಿ ಬೆಂಚ್ ಮೇಲೆ ಇದ್ದಿದ್ದರೆ ಎರಡು ನಿಮಿಷದಲ್ಲಿ ಹೊಳೆಯುತ್ತಿತ್ತು. ಅಲ್ಲಿ ಹೊಳೆಯಲಿಲ್ಲ. ಡಿಸ್ಕ್ ಬದಲಿಸಲು ಬಂದಿದ್ದೆ, ಡಿಸ್ಕ್‌ನದ್ದೇ ತಪ್ಪು ಅಂತ ತಲೆ ಅಲ್ಲೇ ಕೂತುಬಿಟ್ಟಿತ್ತು. ನಾಲ್ಕು ಬದಲಾವಣೆ ಒಟ್ಟಿಗೆ ಮಾಡಿದ್ದರಿಂದ ಯಾವುದರಿಂದ ಏನಾಯಿತು ಅಂತ ಬಿಡಿಸಲಿಕ್ಕೂ ಆಗಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಗುಮಾಸ್ತರು ಗಡಿಬಿಡಿಯಲ್ಲಿ ಮೊದಲ ಪಟ್ಟಿ ಹೊಡೆದರು. ಪ್ರಿಂಟರ್ ಕಿರ್ರ್ ಅಂತ ಓಡಿತು, ನನಗೆ ಜೀವ ಬಂತು. ಹಿರಿಯ ರೈತರೊಬ್ಬರು ಹಾಳೆಯನ್ನು ದೂರ ಹಿಡಿದು ಓದಿ, “ತಾರೀಖ ಬ್ಯಾರೆ ಐತಲ್ರೀ,” ಅಂದರು. 01-01-2011. ಬಯೋಸ್ ಒಳಗೆ ಹೋದಾಗ ಗಡಿಯಾರ ನೋಡದೆ ಬಂದಿದ್ದೆ. ವರ್ಷಗಟ್ಟಲೆ ವ್ಯತ್ಯಾಸ ಇದ್ದರೆ ವಿಂಡೋಸ್ ತಾನಾಗೇ ಸರಿ ಮಾಡಿಕೊಳ್ಳಲ್ಲ. ಬ್ರೌಸರ್‌ನಲ್ಲಿ ಯಾವ ಸೈಟೂ ತೆರೆಯುತ್ತಿರಲಿಲ್ಲ, ಸರ್ಟಿಫಿಕೇಟ್ ತಪ್ಪು ಅಂತಿತ್ತು. ಗುಮಾಸ್ತರು ಅದನ್ನು ನೆಟ್ ಹೋಗಿದೆ ಅಂದುಕೊಂಡಿದ್ದರು. ತಾರೀಖು ಸರಿ ಮಾಡಿದೆ, ಆ ಪಟ್ಟಿ ರದ್ದು ಮಾಡಿ ಮತ್ತೆ ಹೊಡೆಸಿದೆ. ಆ ಹಿರಿಯರು ಓದಿ ನೋಡದಿದ್ದರೆ ಅವತ್ತಿನ ಎಲ್ಲ ಪಟ್ಟಿಗೂ 2011 ಬೀಳುತ್ತಿತ್ತು.

ಈಗ ಯಾವ ಹಳೇ ಸಿಸ್ಟಮ್ ತೆಗೆದರೂ ಮೊದಲು ಬಯೋಸ್‌ನ ಪ್ರತಿ ಪುಟದ ಫೋಟೋ ಮೊಬೈಲ್‌ನಲ್ಲಿ ಹೊಡೆಯುತ್ತೇನೆ. ಒಂದು ಬದಲಿಸಿ, ಬೂಟ್ ಮಾಡಿ, ಆಮೇಲೆ ಇನ್ನೊಂದು. ಕ್ಲೋನ್ ಆದಮೇಲೆ ಹಳೇ ಡಿಸ್ಕ್ ಮೇಲೆ ತಾರೀಖು ಬರೆದು ಗಿರಾಕಿ ಕೈಗೇ ಕೊಡುತ್ತೇನೆ, ಒಂದು ತಿಂಗಳು ಮುಟ್ಟಬೇಡಿ ಅಂತ. ಕಾಲ್‌ಗೆ ಎರಡು ತಾಸು ಅನ್ನೋ ಲೆಕ್ಕ ನಮ್ಮ ಅಂಗಡಿಯಲ್ಲಿ ಇನ್ನೂ ಹಾಗೇ ಇದೆ. ಈ ಜಗಳ ಅಣ್ಣನವರ ಜೊತೆ ಈಗಲೂ ನಡೆಯುತ್ತದೆ. ಹತ್ತು ವರ್ಷ ದಾಟಿದ ಡಿಸ್ಕ್ ಅಂದರೆ ಒಂದು ದಿನ ಬೇಕು ಅಂತ ನಾನು, ದಿನಕ್ಕೊಂದೇ ಕಾಲ್ ಆದರೆ ಬಾಡಿಗೆ ಯಾರು ಕಟ್ಟಬೇಕು ಅಂತ ಅವರು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು. ಆ ಐ3 ಮೇಲೆ ವಿಂಡೋಸ್ 11 ಸರಿಯಾಗಿ ಕೂರಲ್ಲ. ಟಿಪಿಎಂ 2.0 ಅನ್ನೋ ಭದ್ರತೆಯ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ಜನರೇಶನ್ ಅಥವಾ ಅದರ ಮೇಲಿನದು ಬೇಕು. ಅಪ್‌ಡೇಟ್ ಇನ್ನೊಂದು ವರ್ಷ ಬರುವ ಹಾಗೆ ನೋಂದಣಿ ಮಾಡಿಕೊಟ್ಟಿದ್ದೇನೆ. ಅಷ್ಟರೊಳಗೆ ಎಂಟನೇ ಜನರೇಶನ್‌ನ ಒಂದು ರಿಫರ್ಬಿಶ್ಡ್ ಆಫೀಸ್ ಮಶೀನ್ ಹುಬ್ಬಳ್ಳಿಯಲ್ಲಿ ನೋಡಬೇಕು. ಅದರಲ್ಲಿ ಪ್ಯಾರಲಲ್ ಕಾರ್ಡ್ ಹಾಕಲು ಸ್ಲಾಟ್ ಇರಬೇಕು. ಇಲ್ಲದಿದ್ದರೆ ಯುಎಸ್‌ಬಿ ಕೇಬಲ್ ಹಾಕಿ, ಪ್ರಿಂಟರ್ ಶೇರ್ ಮಾಡಿ, ಎಲ್‌ಪಿಟಿ1ಕ್ಕೆ ಮ್ಯಾಪ್ ಮಾಡಬೇಕಾಗುತ್ತದೆ. ಆ ಸಾಫ್ಟ್‌ವೇರ್ ಅದನ್ನು ಒಪ್ಪುತ್ತದಾ ಅಂತ ಮೊದಲು ಅಲ್ಲೇ ಕೂತು ಒಂದು ಪಟ್ಟಿ ಹೊಡೆದು ನೋಡಬೇಕು.

ಅದಕ್ಕೆ ಬರೋದು ಮಂಗಳವಾರ ಅಂತ ಸಾವ್ಕಾರರಿಗೆ ಈಗಲೇ ಹೇಳಿಟ್ಟಿದ್ದೇನೆ.